ಸಂಕದ ಮೇಲೊಂದು ಗಿವ್ ವೇ

ಅಕ್ಕನ ಮಗ ರಜೆಗೆ ಪೆರ್ಲದ ಹತ್ತಿರದ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿ, ಕನ್ನಡ ಮಾಧ್ಯಮ, ಸೋಮವಾರ ಇಂಗ್ಲಿಷ್ ಪರೀಕ್ಷೆ. ಹೊರಗೆ ಆಟಿಯ ಮಳೆ. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಜಗಲಿಯಲ್ಲಿ ಕೂತು ಪುಸ್ತಕ ಬಿಡಿಸಿದ.

"ಮಾವ, ಗಿವ್ ಅಪ್ ಅಂದ್ರೆ ಮೇಲೆ ಕೊಡುವುದಾ?"

"ಅಲ್ಲ ಮಾರಾಯ, ಬಿಟ್ಟುಬಿಡುವುದು."

"ಹಾಗಾದ್ರೆ ಗಿವ್ ಇನ್? ಒಳಗೆ ಕೊಡುವುದಾ?"

ನಗು ಬಂತು, ಉತ್ತರ ಬರಲಿಲ್ಲ. ಸ್ವಲ್ಪ ಯೋಚಿಸಿ, "ನೀನು ಮೊಬೈಲಿಗಾಗಿ ಮೂರು ಹೊತ್ತು ಊಟ ಬಿಟ್ಟೆ, ಅಮ್ಮ ಕೊಡಿಸಿದಳು. ಅವಳು ಮಾಡಿದ್ದು ಗಿವ್ ಇನ್" ಎಂದೆ. ಕೂಡಲೇ ಹೊಳೆಯಿತು ಅವನಿಗೆ. "ನೀವು ಎಲೆಯಡಿಕೆ ಬಿಟ್ರೆ ಗಿವ್ ಅಪ್" ಎಂದು ನನ್ನ ಕೆಂಪು ಬಾಯಿ ನೋಡಿದ.

ಸರೆಂಡರಿಗೆ 1971ರ ಡಿಸೆಂಬರ್ 16ರ ಕಥೆ ಹೇಳಿದೆ. ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ನಮ್ಮ ಸೇನೆಯ ಜಗಜಿತ್ ಸಿಂಗ್ ಅರೋರಾ ಅವರೆದುರು ಸಹಿ ಹಾಕಿದ್ದು ಸರೆಂಡರ್ ಪತ್ರಕ್ಕೇ. ಹೋದ ವರ್ಷ ನಾನೂ ಒಂದಕ್ಕೆ ಸಹಿ ಹಾಕಿದ್ದೇನೆ, ಅವಧಿ ಮುಗಿಯದ ವಿಮೆ ಪಾಲಿಸಿಯದ್ದು. ಕಟ್ಟಿದ್ದರಲ್ಲಿ ಕೈಗೆ ಬಂದದ್ದು ನೋಡಿದಾಗ ಆ ಶಬ್ದ ಸರಿಯಾಗಿಯೇ ಇದೆ ಅನಿಸಿತ್ತು.

ಯೀಲ್ಡ್ ಎಂದರೆ ಮಣಿಯುವುದೂ ಹೌದು, ಫಸಲೂ ಹೌದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ತೆರುವುದು, ಸಲ್ಲಿಸುವುದು ಎಂಬ ಅರ್ಥವಿತ್ತು. ಎರಡು ಸಲ ಮದ್ದು ಬಿಟ್ಟರೂ ಮಹಾಳಿ ಎಂಬ ಕೊಳೆರೋಗ ಹಿಡಿದ ನಮ್ಮ ಅಡಿಕೆ ತೋಟ ಈ ಸಲ ಏನು ತೆರುತ್ತದೋ! ಆದರೆ ವಿಭೀಷಣನ ಶರಣಾಗತಿಗೆ ಈ ಇಂಗ್ಲಿಷ್ ಶಬ್ದಗಳು ಯಾವುವೂ ಸಾಲಲಿಲ್ಲ. ಅವನನ್ನು ಯಾರೂ ಸೋಲಿಸಿರಲಿಲ್ಲ, ತಾನಾಗಿ ಬಂದವನು. ಕೂತು ಮಾತಿನಲ್ಲೇ ಪಾತ್ರ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳಾದರೋ ಸೋತರೂ ಬಾಯಿ ಮುಚ್ಚುವವರಲ್ಲ, ಹಾಡುವ ಭಾಗವತರೇ ಪದ ಎತ್ತಿ ನಿಲ್ಲಿಸಬೇಕು.

ಸಂಜೆ ಹಾಲಿಗೆಂದು ಇಬ್ಬರೂ ಹೊರಟೆವು. ತೋಡು ತುಂಬಿ ಕೆಂಪಗೆ ಹರಿಯುತ್ತಿತ್ತು. ದಾಟುವ ಸಂಕ ಅಂದರೆ ಮೂರು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರು. ನಡುವಿನ ಮರ ಪಾಚಿ ಹಿಡಿದು ಜಾರುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಾಗ ಆಚೆ ಕಡೆಯಿಂದ ನೆರೆಮನೆಯವರೂ ಕಾಲಿಟ್ಟರು. ಕಣಿಯ ನೀರಿನ ವಿಷಯದಲ್ಲಿ ಜಗಳವಾಗಿ ಎರಡು ಮಳೆಗಾಲದಿಂದ ನಮಗೆ ಮಾತಿಲ್ಲ. ಕೊಡೆ ಹಿಡಿದು ಇಬ್ಬರೂ ನಿಂತೆವು.

"ಮಾವ, ಗಿವ್ ವೇ" ಎಂದ ಹಿಂದಿನಿಂದ.

ಆ ಮಾತಿಗೆ ದಾರಿ ಬಿಡುವುದು ಎಂಬುದಲ್ಲದೆ ಮುರಿದು ಬೀಳುವುದು ಎಂಬ ಅರ್ಥವೂ ಉಂಟು. ಕಾಲಡಿಯ ಮರ ಕಿರ್ರೆಂದಾಗ ನನಗೆ ಮೊದಲು ನೆನಪಾದದ್ದು ಅದೇ. ಹಿಂದೆ ಹಿಂದೆ ಬಂದು ದಡ ಹತ್ತಿದೆ. ನೋಡಿದರೆ ಅವರೂ ಹಿಂದೆ ಸರಿದು ಆಚೆ ದಡದಲ್ಲಿ ನಿಂತಿದ್ದಾರೆ!

"ನೀವು ಬನ್ನಿ" ಎಂದರು.

"ಇಲ್ಲ, ನೀವು ಬನ್ನಿ" ಎಂದೆ.

"ನಿಮ್ಮ ಕೈಯಲ್ಲಿ ಪಾತ್ರೆ ಉಂಟಲ್ಲ, ನೀವು ಮೊದಲು ಬನ್ನಿ ಮಾರಾಯ್ರೆ."

ಅಷ್ಟರಲ್ಲಿ ಹುಡುಗ ನನ್ನ ಕೈಯಿಂದ ಪಾತ್ರೆ ಕಸಿದು ದಾಟಿಯೂ ಆಗಿತ್ತು.