ಲಿಬ್ರೆಆಫೀಸ್ ಕೆಲಸ: ಬಗ್ ಪರೀಕ್ಷೆಯಿಂದ ಮೊದಲ ಪ್ಯಾಚ್‌ವರೆಗೆ

ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್ ತಂತ್ರಾಂಶದ ಕೋಡ್‌ಗೆ ಕೈಹಾಕುವ ಮೊದಲು ಸ್ವಲ್ಪ ದಿನ ಬರೀ ಬಗ್ (ತಂತ್ರಾಂಶದ ದೋಷ) ಪರೀಕ್ಷೆ ಮಾಡೋಣ ಅಂತ ಶುರು ಮಾಡಿದೆ. ಹೊಸಬರಿಗೆ ಇದಕ್ಕಿಂತ ಸಲೀಸಾದ ದಾರಿ ನನಗಂತೂ ಕಾಣುವುದಿಲ್ಲ.

ಬಗ್ ದೂರುಗಳನ್ನು ದಾಖಲಿಸುವ ತಾಣವಾದ ಬಗ್‌ಜಿಲ್ಲಾದಲ್ಲಿ ಯಾರೂ ಇನ್ನೂ ಪರೀಕ್ಷಿಸದ ದೂರುಗಳು ‘ಅನ್‌ಕನ್ಫರ್ಮ್ಡ್’ ಅಂತ ಬಿದ್ದಿರುತ್ತವೆ. ಒಂದನ್ನು ಎತ್ತಿಕೊಂಡು, ಅದರಲ್ಲಿ ಬರೆದ ಹಾಗೇ ಮಾಡಿ ನೋಡಬೇಕು. ನಮಗೂ ಅದೇ ತೊಂದರೆ ಕಂಡರೆ, ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್ ಅಂತ ಬರೆದು ‘ನ್ಯೂ’ ಮಾಡುವುದು. ತಮ್ಮ ದೂರನ್ನು ತಾವೇ ‘ನ್ಯೂ’ ಮಾಡುವ ಹಾಗಿಲ್ಲ, ಬೇರೆಯವರೇ ನೋಡಬೇಕು. ಇದಕ್ಕೆಲ್ಲ ಸಿ ಪ್ಲಸ್ ಪ್ಲಸ್ ಕೋಡ್ ಒಂದು ಸಾಲೂ ಬೇಡ. ಕನ್ನಡದ ಒತ್ತಕ್ಷರ ಪಿಡಿಎಫ್‌ನಲ್ಲಿ ಸರಿಯಾಗಿ ಬಂತಾ ಅಂತ ಹೇಳಲು ಕನ್ನಡ ಓದುವವರೇ ಆಗಬೇಕು, ಅಲ್ವಾ?

ಆಮೇಲೆ ಬಿಲ್ಡ್, ಅಂದರೆ ಕೋಡ್‌ನಿಂದ ಓಡುವ ತಂತ್ರಾಂಶ ತಯಾರಿಸುವುದು. ಸೋರ್ಸ್ ಇಳಿಸಿಕೊಂಡು ‘ಆಟೋಜೆನ್’ ಓಡಿಸಿ ‘ಮೇಕ್’ ಕೊಟ್ಟರೆ ಸಾಮಾನ್ಯ ಲ್ಯಾಪ್‌ಟಾಪ್‌ಗೆ ಗಂಟೆಗಟ್ಟಲೆ ಕೆಲಸ. ರಾತ್ರಿ ಹಚ್ಚಿ ಮಲಗುವುದೇ ಸರಿ. ಹಿಂದೆ ಕಂಪೈಲ್ ಮಾಡಿದ್ದನ್ನು ಉಳಿಸಿಟ್ಟುಕೊಳ್ಳುವ ಸಿಕ್ಯಾಶ್ ಹಾಕಿಕೊಂಡರೆ ಮುಂದಿನ ಬಿಲ್ಡ್‌ಗಳು ಬೇಗ ಮುಗಿಯುತ್ತವೆ.

ಹೊಸಬರಿಗೆಂದೇ ಆರಿಸಿಟ್ಟ ಕೆಲಸಗಳಿಗೆ ಇಲ್ಲಿ ‘ಈಸಿ ಹ್ಯಾಕ್’ ಅಂತಾರೆ. ಯಾವ ಫೈಲ್‌ನಲ್ಲಿ ಹುಡುಕಬೇಕು ಅನ್ನುವ ಸುಳಿವೂ ಜೊತೆಗಿರುತ್ತದೆ. ಈ ಕೋಡ್ ಹುಟ್ಟಿದ್ದು ಜರ್ಮನಿಯ ಸ್ಟಾರ್‌ಆಫೀಸ್‌ನಲ್ಲಿ. ಹಾಗಾಗಿ 2010ರಲ್ಲಿ ಲಿಬ್ರೆಆಫೀಸ್ ಶುರುವಾದಾಗ ಜರ್ಮನ್ ಕಾಮೆಂಟ್‌ಗಳನ್ನು ಇಂಗ್ಲಿಷ್‌ಗೆ ತರುವುದೂ ಒಂದು ಈಸಿ ಹ್ಯಾಕ್ ಆಗಿತ್ತು!

ನಾನು ಆರಿಸಿದ್ದು ಬೇರೆ ಫೈಲ್ ಅನ್ನು ಒಳಗೆ ಸೇರಿಸಿಕೊಳ್ಳುವ ‘ಇನ್‌ಕ್ಲೂಡ್’ ಸಾಲುಗಳಲ್ಲಿ ಬೇಡದವನ್ನು ತೆಗೆಯುವ ಕೆಲಸ. ಯಾವ ಸಾಲು ಬೇಡ ಅಂತ ಒಂದು ಟೂಲ್ ಪಟ್ಟಿ ಕೊಡುತ್ತದೆ, ಆದರೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು ಹೆಡರ್‌ನಿಂದ (ಬೇರೆ ಫೈಲ್‌ಗಳು ಇನ್‌ಕ್ಲೂಡ್ ಮಾಡಿಕೊಳ್ಳುವ ಫೈಲ್) ಒಂದು ಸಾಲು ತೆಗೆದೆ. ಸಂಬಂಧವೇ ಇಲ್ಲದಂತೆ ಕಾಣುವ ಇನ್ನೊಂದು ಫೈಲ್ ಕಂಪೈಲ್ ಆಗದೆ ನಿಂತಿತು. ಅದು ಇಷ್ಟು ದಿನ ಈ ಹೆಡರ್‌ನ ಮೂಲಕವೇ ತನಗೆ ಬೇಕಾದ್ದನ್ನು ಪಡೆಯುತ್ತಿತ್ತು. ಆ ಫೈಲ್‌ನಲ್ಲೇ ನೇರವಾಗಿ ಇನ್‌ಕ್ಲೂಡ್ ಸೇರಿಸಿದ ಮೇಲೆ ಎಲ್ಲ ಸರಿಹೋಯಿತು. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅಂತ ಸುಮ್ನೆ ಕೋಡ್ ಓದುತ್ತಾ ಕೂತಿದ್ದರೆ ಇಷ್ಟು ಬೇಗ ತಿಳಿಯುತ್ತಿರಲಿಲ್ಲ.

ಪ್ಯಾಚ್, ಅಂದರೆ ನಾವು ಮಾಡಿದ ಬದಲಾವಣೆ, ಹೋಗುವುದು ಕೋಡ್ ಪರಿಶೀಲನೆಯ ತಾಣವಾದ ಗೆರಿಟ್‌ಗೆ. ನಮ್ಮ ಕೋಡ್ ಯಾವ ಲೈಸೆನ್ಸ್‌ನಲ್ಲಿ ಬಳಸಬಹುದು ಅಂತ ಒಂದು ಸಾಲಿನ ಒಪ್ಪಿಗೆ ಮೇಲ್ ಮಾಡಬೇಕು, ಒಂದೇ ಸಲ. ತಾನಾಗಿಯೇ ಬಿಲ್ಡ್ ಮಾಡುವ ಜೆಂಕಿನ್ಸ್ ಅನ್ನುವ ವ್ಯವಸ್ಥೆ ಅದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಬಿಲ್ಡ್ ಮಾಡಿ ನೋಡುತ್ತದೆ. ಪರಿಶೀಲಿಸುವವರು ತಿದ್ದಲು ಹೇಳಿದರೆ ಹೊಸ ಕಮಿಟ್ (ದಾಖಲಿಸಿದ ಬದಲಾವಣೆ) ಬೇಡ, ಅದೇ ಕಮಿಟ್ ಅಮೆಂಡ್ ಮಾಡಿ, ಅಂದರೆ ತಿದ್ದಿ, ಮತ್ತೆ ಕಳಿಸುವುದು. ನನ್ನದಕ್ಕೆ ಕಮಿಟ್ ಸಂದೇಶ ಇನ್ನೂ ಬಿಡಿಸಿ ಬರೆಯಿರಿ ಅಂದರು. ಬರೆದೆ, ಪ್ಯಾಚ್ ಸೇರಿತು.

ಮುಂದೆ ಬಿಬಿಸೆಕ್ಟ್ ಕಲಿಯಬೇಕು. ಮೊದಲೇ ಬಿಲ್ಡ್ ಮಾಡಿಟ್ಟ ಹಳೆಯ ಆವೃತ್ತಿಗಳನ್ನು ಅರ್ಧರ್ಧ ಮಾಡುತ್ತಾ ಹೋಗಿ, ಯಾವ ಬದಲಾವಣೆಯಿಂದ ಬಗ್ ಬಂತು ಅಂತ ಹಿಡಿಯುವ ಉಪಾಯ ಅದು. ಡಿಸ್ಕ್‌ನಲ್ಲಿ ಜಾಗ ಮಾತ್ರ ಜಾಸ್ತಿ ಬೇಕು.