ಪಿಕಪ್ ಇಲ್ಲದ ಕಾರು, ಬಿರುಕುಬಿಟ್ಟ ಹೋಸು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಕಣ್ಣಿಗೆ ಸಮತಟ್ಟಾಗಿ ಕಂಡರೂ ಒಟ್ಟಾರೆ ಏರುಮುಖದ್ದು. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಚಿತ್ರದುರ್ಗ 700 ಮೀಟರಿಗೂ ಮೇಲಿದೆ. ಊರೊಳಗಿನ ಓಡಾಟದಲ್ಲಿ ಗಮನಕ್ಕೆ ಬಾರದ ಎಂಜಿನ್ನಿನ ಸೊರಗು ಈ ರಸ್ತೆಯಲ್ಲಿ, ಅದರಲ್ಲೂ ಮನೆಮಂದಿಯೆಲ್ಲ ಕುಳಿತು ಎ.ಸಿ. ಹಾಕಿಕೊಂಡು ಲಾರಿಯೊಂದನ್ನು ಹಿಂದಿಕ್ಕಲು ಹೊರಟಾಗ, ಬಯಲಾಗುತ್ತದೆ. ನಮ್ಮ ಹಳೆಯ ಡೀಸೆಲ್ ಕಾರಿನಲ್ಲಿ ಆದದ್ದೂ ಅದೇ. ಭರಮಸಾಗರ ದಾಟಿದ ಮೇಲೆ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎಂಬತ್ತರ ಆಚೆ ಏಳಲು ತಿಣುಕುತ್ತಿತ್ತು. ಹಿಂದೆ ಕಪ್ಪು ಹೊಗೆ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನಿಂತಲ್ಲೇ ತೀರ್ಪು ಬಂತು: “ಟರ್ಬೊ ಹೋಗೈತೆ ಸರ್, ಹೊಸದೇ ಹಾಕ್ಬೇಕು.” ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಹೋಗಿದ್ದರೂ ಹೋಗಿರಬಹುದಿತ್ತು. ಆದರೆ ಏನನ್ನೂ ಅಳೆಯದೆ, ಒಂದು ಪೈಪನ್ನೂ ಮುಟ್ಟಿ ನೋಡದೆ ಅಷ್ಟು ದುಬಾರಿ ಭಾಗವನ್ನು ಬದಲಿಸಲು ನಾನು ಒಪ್ಪಲಿಲ್ಲ.

ಮೊದಲು ತಿಳಿಯಬೇಕಾದದ್ದು, ಎಂಜಿನ್ನೇ ಶಕ್ತಿ ಕೊಡುತ್ತಿಲ್ಲವೇ ಅಥವಾ ಕೊಟ್ಟ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲವೇ ಎಂಬುದು. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ನಮ್ಮದರಲ್ಲಿ ಇವೆರಡೂ ಇರಲಿಲ್ಲ.

ಮುಂದಿನ ಸುಳಿವು ಹೊಗೆ. ಡೀಸೆಲ್ ಎಂಜಿನ್ನಿನಲ್ಲಿ ಕಪ್ಪು ಹೊಗೆ ಬರುತ್ತಿದೆಯೆಂದರೆ ಸುರಿಯುತ್ತಿರುವ ಇಂಧನಕ್ಕೆ ಸಾಕಷ್ಟು ಗಾಳಿ ಸಿಗುತ್ತಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಇಂಧನವೇ ಕಡಿಮೆಯಾಗಿದ್ದರೆ ಗಾಡಿ ಜಗ್ಗುತ್ತದೆ, ಆದರೆ ಹೀಗೆ ಹೊಗೆ ಕಾರುವುದಿಲ್ಲ. ಆದ್ದರಿಂದ ಹುಡುಕಾಟ ಗಾಳಿಯ ದಾರಿಗೆ ಸೀಮಿತವಾಯಿತು. ನಮ್ಮ ಕಾರು 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ ಬರುವುದಕ್ಕೆ ಮುಂಚಿನದಾಗಿದ್ದು ಅದರಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಲ್ಲದಿರುವುದರಿಂದ ಹೊಗೆ ಕಣ್ಣಿಗೆ ಬಿತ್ತು. ಡಿಪಿಎಫ್ ಇರುವ ಕಾರುಗಳಲ್ಲಿ ಮಸಿಯೆಲ್ಲ ಅದರೊಳಗೇ ಸಿಕ್ಕಿಕೊಳ್ಳುವುದರಿಂದ ಈ ಸುಳಿವನ್ನು ನೆಚ್ಚುವಂತಿಲ್ಲ.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದಾಗ ಮೆಕ್ಕೆಜೋಳದ ಹೊಟ್ಟು ಕೈತುಂಬ ಸಿಕ್ಕಿತು. ನಮ್ಮ ಕಡೆ ಸುಗ್ಗಿಯಲ್ಲಿ ಜೋಳವನ್ನು ರಸ್ತೆಯ ಮೇಲೇ ಹರವುತ್ತಾರೆ. ಆ ರಸ್ತೆಗಳಲ್ಲಿ ಓಡಾಡುವವರು ಕೈಪಿಡಿಯಲ್ಲಿ ಬರೆದಿರುವ ಕಿಲೋಮೀಟರ್ ತುಂಬಲಿ ಎಂದು ಕಾಯದೆ ಫಿಲ್ಟರ್ ನೋಡಿಕೊಳ್ಳುವುದು ಒಳ್ಳೆಯದು. ಹೊಸ ಫಿಲ್ಟರ್ ಹಾಕಿದ್ದರಿಂದ ಹೊಗೆ ಕೊಂಚ ತಗ್ಗಿತೇ ಹೊರತು ಎಳೆತ ಬರಲಿಲ್ಲ.

ಆಗ ಸ್ಟಿಯರಿಂಗ್ ಕೆಳಗೆ, ಕಾರಿನ ದೋಷದ ಕೋಡ್ ಓದಲೆಂದೇ ಇರುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲಿ ನೋಡಿದೆ. ಪಿ0299 ಎಂಬ ಕೋಡ್ ಇತ್ತು, ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಇದನ್ನು ನೋಡಿ ಟರ್ಬೊವನ್ನೇ ಬದಲಿಸುವವರು ಬಹಳ ಮಂದಿ. ಆದರೆ ಕೋಡ್ ಹೇಳುವುದು ಒತ್ತಡ ಕಡಿಮೆ ಎಂದಷ್ಟೇ. ಟರ್ಬೊ ಒತ್ತಡವನ್ನು ಹುಟ್ಟಿಸುತ್ತಲೇ ಇಲ್ಲವೋ, ಹುಟ್ಟಿಸಿದ್ದು ದಾರಿಯಲ್ಲಿ ಸೋರಿಹೋಗುತ್ತಿದೆಯೋ ಎಂಬುದನ್ನು ಅದು ಹೇಳುವುದಿಲ್ಲ. ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿದಾಗ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 94 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಿತು. ನಮ್ಮೂರಿನ ಎತ್ತರಕ್ಕೆ ವಾತಾವರಣದ ಒತ್ತಡ ಸರಿಸುಮಾರು ಅಷ್ಟೇ ಇರುವುದರಿಂದ ಸೆನ್ಸರಿನ ಮೇಲೆ ನಂಬಿಕೆ ಇಡಬಹುದಾಗಿತ್ತು. ಪೂರ್ತಿ ಒತ್ತಿ ಓಡಿಸಿದಾಗ 200ರ ಹತ್ತಿರ ಹೋಗಬೇಕಾದ ಒತ್ತಡ 130ರಲ್ಲಿಯೇ ನಿಂತಿತ್ತು.

ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಕಾರನ್ನು ರ‍್ಯಾಂಪಿಗೆ ಹತ್ತಿಸಿ, ಟರ್ಬೊದಿಂದ, ಅದರ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಉದ್ದಕ್ಕೂ ಬೆರಳಾಡಿಸಿದರು. ಎಂಜಿನ್ನಿನಿಂದ ಬರುವ ಎಣ್ಣೆಯ ಆವಿ ಈ ಪೈಪುಗಳ ಒಳಗೆ ತೆಳುವಾಗಿ ಕುಳಿತಿರುತ್ತದೆಯಾದ್ದರಿಂದ ಸೋರುವ ಕಡೆ ಹೊರಗೂ ಜಿಡ್ಡಾಗುತ್ತದೆ. ಕ್ಲಾಂಪಿನ ಪಕ್ಕ, ಕೆಳಬದಿಯಲ್ಲಿ, ಧೂಳು ಮತ್ತು ಎಣ್ಣೆ ಸೇರಿ ಕಾಡಿಗೆಯಂತೆ ಮೆತ್ತಿಕೊಂಡಿತ್ತು. ಒರೆಸಿದರೆ ಏನೂ ಕಾಣಲಿಲ್ಲ. ಹೋಸನ್ನು ಹಿಂಡಿ ಬಗ್ಗಿಸಿದಾಗ ಮಾತ್ರ ಉಗುರಿನುದ್ದದ ಸೀಳು ಬಾಯಿ ತೆರೆಯಿತು. ನಿಂತ ಗಾಡಿಯಲ್ಲಿ ಮುಚ್ಚಿಕೊಂಡೇ ಇರುವ ಈ ಸೀಳು ಟರ್ಬೊ ಒತ್ತಡ ಬಿದ್ದಾಗಲಷ್ಟೇ ಬಿಚ್ಚಿಕೊಳ್ಳುತ್ತಿತ್ತು. ಒಳಬಂದ ಗಾಳಿಯನ್ನು ಇನ್ನೊಂದು ಸೆನ್ಸರ್ ಮೊದಲೇ ಅಳೆದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಲೆಕ್ಕ ಒಪ್ಪಿಸಿರುತ್ತದೆ, ಆ ಲೆಕ್ಕದಂತೆ ಡೀಸೆಲ್ ಸುರಿಯುತ್ತದೆ, ಗಾಳಿ ಮಾತ್ರ ನಡುದಾರಿಯಲ್ಲಿ ಪರಾರಿ. ಕಪ್ಪು ಹೊಗೆಯ ಮೂಲ ಇದೇ.

ಟರ್ಬೊದ ಶಾಫ್ಟನ್ನೂ ಅಲ್ಲಾಡಿಸಿ ನೋಡಿದೆವು, ಗಟ್ಟಿಯಾಗಿತ್ತು. ಹೊಸ ಹೋಸು, ಹೊಸ ಕ್ಲಾಂಪು ಹಾಕಿ ಕೋಡ್ ಅಳಿಸಿದ ಮೇಲೆ ಒತ್ತಡ 200 ದಾಟಿತು. ಖರ್ಚು ಟರ್ಬೊದ ಬೆಲೆಯ ಸಣ್ಣದೊಂದು ಪಾಲು. ಸೀಳಿಗೆ ಟೇಪು ಸುತ್ತಿದರೆ ಎಣ್ಣೆಗೂ ಬಿಸಿಗೂ ಅದು ಹೆಚ್ಚು ಕಾಲ ನಿಲ್ಲದು. ಅಂಗಡಿಯಲ್ಲಿ ಸಿಗುವ ಬಣ್ಣದ ಸಿಲಿಕೋನ್ ಹೋಸು ಕೊಳ್ಳುವವರು ಒಳಪದರ ಎಣ್ಣೆ ತಡೆಯುವಂಥದ್ದೇ ಎಂದು ಕೇಳಿ ತಿಳಿಯಬೇಕು, ಬರೀ ಸಿಲಿಕೋನ್ ಆದರೆ ಎಣ್ಣೆ ಜಿನುಗುತ್ತದೆ.

ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ ಇದೇ ದೂರು ಬಂದರೆ ದಾರಿ ಬೇರೆ: ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪಿನ ಒತ್ತಡ ಇವನ್ನು ನೋಡಿ, ಅವೆಲ್ಲ ಸರಿಯಿದ್ದೂ ಹೆಚ್ಚಿನ ಆರ್‌ಪಿಎಂನಲ್ಲಿ ಉಸಿರು ಕಟ್ಟಿದಂತಾದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮುಚ್ಚಿಕೊಂಡಿದೆಯೇ ಎಂದು ಪರೀಕ್ಷಿಸಬೇಕು.