ಹೋಮ್‌ಸ್ಟೇ ಯಾಕೆ ಮಾಡಲ್ಲ ಅಂತ ಕೇಳುವವರಿಗೆ

ಮೂಡಿಗೆರೆ ಕಡೆ ಏಳು ಎಕರೆ ತೋಟ, ಹಂಚಿನ ಮನೆ, ಹಿಂದೆ ಹಳ್ಳ. ‘ಇಷ್ಟೆಲ್ಲಾ ಇಟ್ಕೊಂಡು ಹೋಮ್‌ಸ್ಟೇ ಯಾಕೆ ಮಾಡಲ್ಲ ಅಕ್ಕಾ?’ ಮೊದಮೊದಲು ನಗುತ್ತಾ ‘ನೋಡೋಣ’ ಅನ್ನುತ್ತಿದ್ದೆ. ಈಗ ಆ ನಗು ಖಾಲಿಯಾಗಿದೆ. ಮಾಡಲ್ಲ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರುವುದು ಅದರ ಜೊತೆ ಬರುವ ‘ಸುಮ್ನೆ’ಗೆ. ‘ಸುಮ್ನೆ ಎರಡು ರೂಮ್ ಕಟ್ಟಿ.’ ‘ಸುಮ್ನೆ ನಿಮ್ಮ ಕಡುಬು, ಕೋಳಿ ಸಾರು ಬಡಿಸಿ, ಸಾಕು.’ ಹೋದ ವರ್ಷ ಬೆಂಗಳೂರಿನ ನೆಂಟನೊಬ್ಬ ಇದನ್ನೇ ಹೇಳುತ್ತಾ ಮೂರನೇ ಸಲ ಕಡುಬು ಹಾಕಿಸಿಕೊಂಡ. ಕಡುಬು ಸುಮ್ನೆ ಆಗಲ್ಲಪ್ಪ. ಬೆಳಗಿನ ಜಾವ ಎದ್ದು ತರಿ ಬೇಯಿಸಿ, ಬಿಸಿಬಿಸಿ ನಾದಿದವಳಿಗೆ ಗೊತ್ತು.

ಪ್ರವಾಸಿಗರು ಮುಗಿಬೀಳುವುದು ಯಾವಾಗ? ಕ್ರಿಸ್‌ಮಸ್, ಹೊಸ ವರ್ಷ. ಆಗ ನಮಗೆ ಹಣ್ಣು ಕುಯ್ಲು. ಕಣದ ತುಂಬ ಕಾಫಿ ಹರಡಿರುತ್ತದೆ. ಮೋಡ ಕಂಡರೆ ಊಟ ಬಿಟ್ಟು ಓಡಿ, ರಾಶಿ ಮಾಡಿ, ಟಾರ್ಪಾಲು ಮುಚ್ಚಬೇಕು. ಅಷ್ಟು ಹೊತ್ತಿಗೆ ರೂಮಿನಿಂದ ‘ಆಂಟಿ, ವೈಫೈ ಪಾಸ್‌ವರ್ಡ್?’

‘ಸುಮ್ನೆ’ಯ ರುಚಿ ನಾನೂ ನೋಡಿದ್ದೇನೆ. 2000ದಲ್ಲಿ, ವೆನಿಲ್ಲಾ ಹೆಚ್ಚು ಬೆಳೆಯುವ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ವೆನಿಲ್ಲಾ ರೇಟು ಏರುತ್ತಾ ಹೋಯಿತು. 2003ರ ಹೊತ್ತಿಗೆ ಹಸಿ ಕೋಡೇ ಕೆಜಿಗೆ ಸಾವಿರಾರು ರೂಪಾಯಿ. 2002ರಲ್ಲೇ ನಾನೂ ‘ಸುಮ್ನೆ ಇರಲಿ’ ಅಂತ ಮುನ್ನೂರು ಬಳ್ಳಿ ನೆಟ್ಟಿದ್ದೆ.

ವೆನಿಲ್ಲಾ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಹಲ್ಲುಕಡ್ಡಿಯಂಥ ಕಡ್ಡಿಯಿಂದ ಒಳಗಿನ ತೆಳು ಪರದೆ ಎತ್ತಿ, ಹೆಬ್ಬೆರಳಲ್ಲಿ ಪರಾಗ ಒತ್ತಬೇಕು. ಒಂದೊಂದು ಹೂವಿಗೂ. 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಹುಡುಗ, 12 ವರ್ಷದ ಎಡ್ಮಂಡ್ ಆಲ್ಬಿಯಸ್ ಕಂಡುಕೊಂಡ ಉಪಾಯ. ಈಗಲೂ ಅದೇ ಗತಿ.

ನಮ್ಮ ಬಳ್ಳಿ ಹೂ ಬಿಟ್ಟಿದ್ದು 2005ರ ಫೆಬ್ರವರಿಯಲ್ಲಿ. ರೊಬಸ್ಟಾ ಕಾಫಿಗೆ ಹೂ ಬಿಡಲೆಂದು ನೀರು ಹೊಡೆಯುವ ಕಾಲವೂ ಅದೇ. ಒಂದಿಂಚು ಮಳೆಯಷ್ಟಾದರೂ ನೀರು ಒಂದೇ ಸಲ ಬಿದ್ದರೆ ಎಂಟು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಅರಳದೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಸ್ಪ್ರಿಂಕ್ಲರ್ ಹತ್ತಿರ ನಿಂತು, ಗಡಿಯಾರ ನೋಡಿ ಪೈಪ್ ಬದಲಿಸುತ್ತಿದ್ದವರು ನಮ್ಮ ಯಜಮಾನರು. ಅವರನ್ನೂ ಕರೆದು ಕೈಗೆ ಕಡ್ಡಿ ಕೊಟ್ಟೆ. ಅವರ ಜಾಗದಲ್ಲಿ ನಿಂತ ಹುಡುಗರು ಬೇಗ ಬೇಗ ಪೈಪ್ ಬದಲಿಸಿ ಮನೆಗೆ ಹೋದರು. ಕೆಳಗಿನ ಎರಡು ಎಕರೆ ಪೂರ್ತಿ ಗುಲಾಬಿ. ನೋಡೋಕೆ ಚೆಂದವೇ ಇತ್ತು, ಅದೇ ಹೊಟ್ಟೆಯುರಿ. ಇತ್ತ ಕೋಡು ಬಲಿಯುವ ಹೊತ್ತಿಗೆ ವೆನಿಲ್ಲಾ ಕೇಳುವವರೇ ಇರಲಿಲ್ಲ.

ನಮ್ಮ ವರ್ಷದ ಹಣೆಬರಹ ಬರೆಯುವುದು ಮೂರೇ ಕೆಲಸ. ಹೂವಿನ ನೀರು, ಮಳೆಗಾಲ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವುದು, ಕುಯ್ಲು. ಉಳಿದ ದಿನ ಬನ್ನಿ, ಹರಟೆ ಹೊಡೆಯೋಣ. ಇದನ್ನು ಹೇಳಿದರೆ ಆ ನೆಂಟ, ‘ಅದು ಪಾರೆಟೊ ರೂಲ್ ಅಕ್ಕಾ, ಎಂಬತ್ತು-ಇಪ್ಪತ್ತು. ಎಂಬತ್ತು ಪಾಲು ಫಲ ಇಪ್ಪತ್ತು ಪಾಲು ಕೆಲಸದಿಂದಲೇ’ ಅಂದ. ಇಟಲಿಯ ಪಾರೆಟೊ ಲೆಕ್ಕ ಹಾಕಿದ್ದು ಜಮೀನಿನದಂತೆ. ಹೆಚ್ಚು ಜಮೀನು ಕೆಲವರ ಕೈಯಲ್ಲೇ ಇತ್ತಂತೆ. ಅದನ್ನು ನೋಡೋಕೆ ಇಟಲಿಗೆ ಹೋಗಬೇಕಿತ್ತಾ?

ಹೋಮ್‌ಸ್ಟೇ ಬೇಡ ಅನ್ನೋಕೆ ನನಗೇನೂ ಕಷ್ಟ ಆಗಲಿಲ್ಲ. ‘ಗದ್ದೆ ಯಾಕೆ ಬಿಟ್ರಿ?’ ಅಂತ ಕೇಳಿ ನೋಡಿ. ಯಾರೂ ಕೇಳಲ್ಲ. ಹಳ್ಳದ ಪಕ್ಕ ಒಂದೆಕರೆ ಇತ್ತು. ಭತ್ತದ ಕುಯ್ಲು, ಕಾಫಿ ಕುಯ್ಲು ಒಟ್ಟೊಟ್ಟಿಗೆ ಬರುತ್ತವೆ. ಇರುವ ಆರು ಆಳಿಗೆ ಎರಡೂ ಆಗುತ್ತಿರಲಿಲ್ಲ. ಪಾಳು ಬಿಟ್ಟೆವು. ನೆಂಟ ಮೂರು ಸಲ ಹಾಕಿಸಿಕೊಂಡ ಕಡುಬು ಅಂಗಡಿ ಅಕ್ಕಿಯದು.

ಗದ್ದೆ ಬಿಡುವಾಗ ಅತ್ತೆ ಏನೂ ಅನ್ನಲಿಲ್ಲ. ಅಂಗಡಿ ಅಕ್ಕಿಯಲ್ಲಿ ಮೊದಲ ಸಲ ಕಡುಬು ಮಾಡಿದ ದಿನ ಒಂದನ್ನು ಮುರಿದು, ಮೂಸಿ ನೋಡಿ, ತಟ್ಟೆಯ ಬದಿಗಿಟ್ಟರು. ‘ನೀರು ಕಡಿಮೆ ಆಗಿದೆ’ ಅಂದರು. ನೀರು ಸರಿಯಾಗೇ ಇತ್ತು.